ಸವದತ್ತಿಯ ಹಿತ್ತಲಲ್ಲಿ ಆಸ್ಪರಾಗಸ್ ಬಂದೀತೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಮನೆಗೆ ಹೋದಾಗ ಆಸ್ಪರಾಗಸ್ ಎಂಬ ಕಾಯಿಪಲ್ಲೆ ತಿಂದೆವು, ಮನೆಮಂದಿಗೆಲ್ಲ ಸೇರಿತು. ಸವದತ್ತಿಯಲ್ಲಿ ನಮ್ಮ ಮನೆಯ ಹಿಂದೆ ಒಂದು ಗುಂಟೆ ಎರೆ ಮಣ್ಣಿನ ಜಾಗವಿದೆ, ಬೋರ್‌ವೆಲ್ ನೀರೂ ಇದೆ. ಇಲ್ಲಿಯ ಬಿಸಿಲಿಗೆ ಅದು ಬರುತ್ತದೆಯೇ? ನರ್ಸರಿಯಲ್ಲಿ ಕೇಳಿದರೆ ಕುಂಡದಲ್ಲಿಡುವ ಅಲಂಕಾರದ ಗಿಡ ಕೊಟ್ಟರು. ಅದರ ಚಿಗುರನ್ನೇ ತಿನ್ನಬಹುದೇ?
— ಓದುಗರೊಬ್ಬರು, ಸವದತ್ತಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಕುಂಡದ ಗಿಡವನ್ನು ತಿನ್ನಬೇಡಿ. ಹೂಗುಚ್ಛಕ್ಕೆ ಹಸಿರು ಎಳೆಗಳನ್ನು ಕೊಡುವ ಸೆಟೇಷಿಯಸ್, ತೂಗುಕುಂಡದಲ್ಲಿ ಇಳಿಬೀಳುವ ಸ್ಪ್ರೆಂಗೇರಿ ಎರಡೂ ಆಸ್ಪರಾಗಸ್ ಕುಲದವೇ, ಆದರೆ ಊಟಕ್ಕಲ್ಲ. ಅವುಗಳ ಹಣ್ಣು ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ನೀವು ತಿಂದುಬಂದದ್ದು ಆಸ್ಪರಾಗಸ್ ಅಫಿಷಿನಾಲಿಸ್. ಅದು ಸವದತ್ತಿಯಲ್ಲಿ ಬರುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು, ವರ್ಷಕ್ಕೊಮ್ಮೆ ಗಿಡಕ್ಕೆ ವಿಶ್ರಾಂತಿ ಸಿಗಬೇಕು. ಇವೆರಡನ್ನು ನಡೆಸಿಕೊಟ್ಟರೆ ಸಾಕು.

ಏಕೆಂದರೆ ಇದು ಬೇರಿನ ಬಲದ ಮೇಲೆ ಬದುಕುವ ಗಿಡ. ನಾವು ತಿನ್ನುವುದು ನೆಲದಿಂದೇಳುವ ಎಳೆ ಮೊಳಕೆ. ಅದನ್ನು ಕೊಯ್ಯದೆ ಬಿಟ್ಟರೆ ಆಳೆತ್ತರ ಬೆಳೆದು ಸಬ್ಬಸಿಗೆಯಂತೆ ನವಿರಾಗಿ ಹರಡುತ್ತದೆ. ಆ ಹಸಿರು ಬಿಸಿಲುಂಡು ತಯಾರಿಸಿದ ಸಕ್ಕರೆ ಬೇರಿಗಿಳಿದು ಶೇಖರವಾಗುತ್ತದೆ, ಮುಂದಿನ ವರ್ಷದ ಮೊಳಕೆ ಬರುವುದು ಆ ದಾಸ್ತಾನಿನಿಂದಲೇ. ಹಾಗಾಗಿ ಬೇರು ತುಂಬಿಸುವುದೇ ಬೆಳೆಗಾರನ ನಿಜವಾದ ಕೆಲಸ.

ಶೀತದೇಶಗಳಲ್ಲಿ ಚಳಿಯೇ ಗಿಡವನ್ನು ಮಲಗಿಸುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಆದರೆ ಮಳೆಯೇ ಇಲ್ಲವೆನ್ನಬಹುದಾದ ಪೆರು ದೇಶದ ಕರಾವಳಿಯಲ್ಲಿ ರೈತರು ನೀರು ನಿಲ್ಲಿಸಿ ಗಿಡವನ್ನು ವಿಶ್ರಾಂತಿಗೆ ಕಳಿಸುತ್ತಾರೆ, ಲೋಕಕ್ಕೆಲ್ಲ ಆಸ್ಪರಾಗಸ್ ಮಾರುತ್ತಾರೆ. ಚಳಿ ಮಾಡುವ ಕೆಲಸವನ್ನು ಒಣಹವೆಯೂ ಮಾಡಬಲ್ಲದು. ಉತ್ತರದ ಒಣವಲಯಕ್ಕೆ ಸೇರಿದ ಸವದತ್ತಿಯಲ್ಲಿ ಹಿಂಗಾರು ಮಳೆ ಹಿಂದೆಗೆದ ಮೇಲೆ ಅಂಥ ಒಣಹವೆ ತಾನಾಗಿಯೇ ಸಿಗುತ್ತದೆ.

ತೊಡಕಿರುವುದು ನಿಮ್ಮ ಎರೆ ಮಣ್ಣಿನಲ್ಲಿ. ಹಿಂಗಾರಿ ಜೋಳ, ಕಡಲೆಗೆ ವರವಾದ ಅದರ ತೇವ ಹಿಡಿಯುವ ಗುಣವೇ ಇದಕ್ಕೆ ಮುಳುವು. ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುತ್ತದೆ. ನೀರು ನಿಲ್ಲಿಸಿದರೂ ಮಣ್ಣು ಬೇಗ ಆರುವುದಿಲ್ಲವಾದ್ದರಿಂದ ವಿಶ್ರಾಂತಿಯೂ ಸರಿಯಾಗಿ ಸಿಗದು. ಆದ್ದರಿಂದ ನೆಲದಿಂದ ಒಂದು ಅಡಿ ಎತ್ತರದ ಏರುಮಡಿ ಕಟ್ಟಿಕೊಳ್ಳಿ. ಮಸಾರಿ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು ಬೆರೆಸಿ ತುಂಬಿ. ದಿನಕ್ಕೆ ಆರೇಳು ತಾಸು ಬಿಸಿಲು ಬೀಳುವ ಜಾಗವಿರಲಿ. ಮಡಿ ಒಮ್ಮೆ ಕಟ್ಟಿದರೆ ಹತ್ತು ಹದಿನೈದು ವರ್ಷ ಅಲ್ಲೇ ಇರುವಂಥದ್ದು, ಹಾಗಾಗಿ ಕರಿಕೆ ಮತ್ತು ಜೇಕಿನ ಗಡ್ಡೆಗಳನ್ನು ಮೊದಲೇ ಆರಿಸಿ ತೆಗೆಯಿರಿ. ಆಮೇಲೆ ಆಳವಾಗಿ ಅಗೆದರೆ ಬೇರಿಗೆ ಪೆಟ್ಟಾಗುತ್ತದೆ. ಬೋರ್‌ವೆಲ್ ನೀರು ತುಸು ಸವಳಾಗಿದ್ದರೆ ಹೆದರಬೇಡಿ, ಬಹಳಷ್ಟು ತರಕಾರಿಗಳಿಗಿಂತ ಇದು ಉಪ್ಪನ್ನು ಚೆನ್ನಾಗಿ ತಡೆಯುತ್ತದೆ.

ವಿದೇಶಗಳಲ್ಲಿ ನೆಡಲು ಒಂದು ವರ್ಷದ ಬೇರುಗಡ್ಡೆ ಸಿಗುತ್ತದೆ. ನೀವು ಬೀಜದಿಂದಲೇ ಆರಂಭಿಸಿ. ಮೇರಿ ವಾಷಿಂಗ್ಟನ್ ಹಳೆಯ, ನಂಬಿಕೆಯ ತಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯುಸಿ 157 ಸಿಕ್ಕರೆ ಇನ್ನೂ ಒಳ್ಳೆಯದು, ಅದು ಸೆಕೆಯ ಸೀಮೆಗೆ ಹೊಂದುತ್ತದೆ. ಜೂನ್‌ನಲ್ಲಿ ಬೀಜವನ್ನು ಒಂದು ಹಗಲು ಒಂದು ರಾತ್ರಿ ನೀರಲ್ಲಿ ನೆನೆಸಿ ಪಾಲಿಥಿನ್ ಚೀಲಗಳಲ್ಲಿ ಹಾಕಿ. ಮೊಳೆಯಲು ಎರಡು ಮೂರು ವಾರ ಬೇಕು. ಸಸಿಗಳಿಗೆ ಮೂರು ತಿಂಗಳಾಗುವಷ್ಟರಲ್ಲಿ ಮಳೆಯ ರಭಸವೂ ತಗ್ಗಿರುತ್ತದೆ. ಆಗ ಮಡಿಯಲ್ಲಿ ಒಂದೂವರೆ ಅಡಿಗೊಂದರಂತೆ ನೆಡಿ, ಸಾಲಿನಿಂದ ಸಾಲಿಗೆ ನಾಲ್ಕು ಅಡಿ ಬಿಡಿ. ಗೇಣುದ್ದ ಆಳದ ಸಾಲು ತೋಡಿ, ಅದರ ತಳದಲ್ಲಿ ಸಸಿಯನ್ನಿಟ್ಟು, ಅದು ಬೆಳೆದಂತೆ ಸ್ವಲ್ಪ ಸ್ವಲ್ಪವೇ ಮಣ್ಣು ತುಂಬುತ್ತ ಬನ್ನಿ. ನಾಲ್ಕು ಜನರ ಮನೆಗೆ ಇಪ್ಪತ್ತು ಇಪ್ಪತ್ತೈದು ಗಿಡ ಸಾಕು.

ಮೊದಲ ಎರಡು ವರ್ಷ ಒಂದು ಮೊಳಕೆಯನ್ನೂ ಕೀಳಬೇಡಿ. ಈ ತಾಳ್ಮೆಯೇ ಮುಂದಿನ ಎಲ್ಲ ವರ್ಷಗಳ ಫಲವನ್ನು ನಿರ್ಧರಿಸುತ್ತದೆ. ವಾರಕ್ಕೆರಡು ಸಲ ನೀರು, ಕಡು ಬೇಸಿಗೆಯಲ್ಲಿ ಇನ್ನಷ್ಟು. ಬುಡಕ್ಕೆ ಒಣಹುಲ್ಲಿನ ಹೊದಿಕೆ ಇರಲಿ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕೆಂಪು ಹಣ್ಣು ಬಿಡುವುದು ಹೆಣ್ಣು. ಹಣ್ಣಿಗೆ ಶಕ್ತಿ ಖರ್ಚಾಗದ ಗಂಡು ಗಿಡ ಹೆಚ್ಚು ಮೊಳಕೆ ಕೊಡುತ್ತದೆ. ಹಣ್ಣುಗಳು ತಿನ್ನಲು ತಕ್ಕವಲ್ಲ, ಕಿತ್ತು ಎಸೆಯಿರಿ.

ವಿಶ್ರಾಂತಿಯ ಕೆಲಸವನ್ನು ನವೆಂಬರ್ ನಡುವಿನಲ್ಲಿ ಶುರುಮಾಡಿ. ನೀರು ಪೂರ್ತಿ ನಿಲ್ಲಿಸಿ. ನಾಲ್ಕರಿಂದ ಆರು ವಾರಗಳಲ್ಲಿ ಹಸಿರೆಲ್ಲ ಹಳದಿಗೆ ತಿರುಗುತ್ತದೆ. ಸಕ್ಕರೆ ಬೇರಿಗಿಳಿದ ಗುರುತು ಅದೇ. ಹಸಿರಿರುವಾಗಲೇ ಅವಸರ ಮಾಡಿ ಕತ್ತರಿಸಬಾರದು. ಹಳದಿಯಾದ ಮೇಲೆ ನೆಲಮಟ್ಟಕ್ಕೆ ಕತ್ತರಿಸಿ, ಎರಡು ಬೆರಳು ದಪ್ಪ ಗೊಬ್ಬರ ಹರಡಿ, ನೀರು ಬಿಡಿ. ಜನವರಿಯ ತಂಪಿನಲ್ಲಿ ಮೊಳಕೆಗಳು ಏಳುತ್ತವೆ. ಆ ತಂಪು ಮುಖ್ಯ. ಬಿಸಿಲು 30 ಡಿಗ್ರಿ ದಾಟಿದರೆ ಮೊಳಕೆಯ ತುದಿ ಬೇಗ ಬಿಚ್ಚಿಕೊಂಡು ನಾರಾಗುತ್ತದೆ.

ಮೂರನೆಯ ವರ್ಷ ಎರಡು ವಾರ ಕೊಯ್ಯಿರಿ, ನಾಲ್ಕನೆಯ ವರ್ಷ ನಾಲ್ಕು ವಾರ, ಆಮೇಲೆ ಆರು ವಾರದವರೆಗೆ. ಗೇಣುದ್ದವಾದಾಗ, ತುದಿ ಬಿಗಿಯಾಗಿರುವಾಗಲೇ ಬೆಳಗಿನಲ್ಲಿ ಕೊಯ್ಯಬೇಕು. ಬರುವ ಮೊಳಕೆಗಳು ಪೆನ್ಸಿಲ್‌ಗಿಂತ ತೆಳ್ಳಗಾದವೆಂದರೆ ಬೇರಿನ ದಾಸ್ತಾನು ಬರಿದಾಗುತ್ತಿದೆ ಎಂದು ತಿಳಿದು ಅಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಬೆಳೆಯಲು ಬಿಡಿ.

ಇಷ್ಟೆಲ್ಲ ಕಷ್ಟಪಟ್ಟು ಮನೆಯಲ್ಲೇಕೆ ಬೆಳೆಯಬೇಕು? ಕೊಯ್ದ ಗಳಿಗೆಯಿಂದಲೇ ಇದರ ಸಿಹಿ ಇಳಿದು ನಾರು ಹೆಚ್ಚುತ್ತ ಹೋಗುತ್ತದೆ. ಹಿತ್ತಲಿಂದ ನೇರ ಬಾಣಲೆಗೆ ಬಂದದ್ದರ ರುಚಿ ಅಂಗಡಿಯ ಕಟ್ಟಿಗೆ ಇಲ್ಲ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಯಲ್ಲಿ ಮೂರ್ನಾಲ್ಕು ನಿಮಿಷ ಬಾಡಿಸಿದರೆ ಬಿಸಿ ಜೋಳದ ರೊಟ್ಟಿಗೆ ಒಳ್ಳೆಯ ಪಲ್ಲೆ.

ಇನ್ನೊಂದು ಮಾತು. ಮಡಿಯ ಅಂಚಿನ ಬೇಲಿಗೆ ಇದರ ನಮ್ಮ ನೆಲದ ಬಳಗವಾದ ಶತಾವರಿಯನ್ನೂ ಹಬ್ಬಿಸಿ. ಹಲವು ಮಕ್ಕಳ ತಾಯಿ ಬೇರು ಎಂದು ಹಿರಿಯರು ಕರೆಯುವುದು ಇದನ್ನೇ. ಮುಳ್ಳಿನ ಬಳ್ಳಿ, ಪರಿಮಳದ ಬಿಳಿ ಹೂ, ಬುಡದಲ್ಲಿ ಗೊಂಚಲು ಗೊಂಚಲು ಬೇರು. ನಮ್ಮ ಕುರುಚಲು ಕಾಡುಗಳ ಗಿಡವಾದ್ದರಿಂದ ಬರ ತಾಳುತ್ತದೆ. ಮಳೆಗಾಲದ ಆರಂಭದಲ್ಲಿ ಬಿತ್ತಿದರೆ ಒಂದೂವರೆ ಎರಡು ವರ್ಷಕ್ಕೆ ಬೇರು ತೆಗೆಯಬಹುದು. ನೇಪಾಳದಲ್ಲಿ ಇದರ ಎಳೆ ಚಿಗುರನ್ನು ಕುರಿಲೊ ಎಂದು ಪಲ್ಲೆ ಮಾಡಿ ಉಣ್ಣುತ್ತಾರೆ. ಬೇರನ್ನು ಔಷಧಿಯಾಗಿ ಬಳಸುವುದಿದ್ದರೆ ಮಾತ್ರ ವೈದ್ಯರ ಸಲಹೆ ಪಡೆಯಿರಿ. ಕಾಡಿನಿಂದ ಅಗೆದು ತರಬೇಡಿ. ಬೇರಿಗಾಗಿ ಅಗೆದೂ ಅಗೆದೂ ಅದು ಕಾಡಿನಲ್ಲಿ ವಿರಳವಾಗುತ್ತಿದೆ, ಹಿತ್ತಲಲ್ಲಿ ಬೆಳೆಸಿದಷ್ಟೂ ಕಾಡಿನದು ಉಳಿಯುತ್ತದೆ.

ಮಡಿ ಕಟ್ಟುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ನಿಮಗೆ ದೂರವಲ್ಲ. ಮಣ್ಣಿನ ರಸಸಾರ 6.5ರಿಂದ 7.5ರ ನಡುವೆ ಇದ್ದರೆ ಉತ್ತಮ. ಈ ಬೇಸಿಗೆಯಲ್ಲಿ ಮಡಿ ಸಿದ್ಧಮಾಡಿಕೊಂಡು, ಮುಂಗಾರಿಗೆ ಬೀಜ ಹಾಕಿಬಿಡಿ.