ಹದಿನೆಂಟನೇ ಓವರ್ ಕೇಳಿ ಪಡೆಯಿರಿ

ಹೊಸ ಚೆಂಡು ಕೈಗೆ ಬರಲಿಲ್ಲವೆಂದು ಮುಖ ಊದಿಸಿಕೊಂಡು ಬೌಂಡರಿ ಗೆರೆಯ ಹತ್ತಿರ ಹೋಗಿ ನಿಲ್ಲುವ ಹುಡುಗರು ನಮ್ಮ ನೆಹರೂ ಮೈದಾನದಲ್ಲಿ ಪ್ರತಿ ವರ್ಷವೂ ಇರುತ್ತಾರೆ. ಮಳೆಗಾಲ ಮುಗಿದು ನೆಲ ಒಣಗಿದ್ದೇ ತಡ, ಎಲ್ಲರಿಗೂ ಮೊದಲ ಓವರೇ ಆಗಬೇಕು. ಪೆಟ್ಟು ತಿನ್ನಿಸುವ ಹದಿನೆಂಟನೆಯದು ಯಾರಿಗೂ ಬೇಡ. ಮಕ್ಕಳೇ, ಆ ಯಾರಿಗೂ ಬೇಡದ ಓವರನ್ನು ನೀವಾಗಿ ಕೇಳಿ ತೆಗೆದುಕೊಳ್ಳಿ.

ದಾವಣಗೆರೆಯ ಆರ್. ವಿನಯ್ ಕುಮಾರ್ ನಿಮಗೆ ಗೊತ್ತು. ಗೊತ್ತಿರುವ ಹೆಚ್ಚಿನವರಿಗೆ ನೆನಪಿರುವುದು ಒಂದೇ ರಾತ್ರಿ. 2013ರ ನವೆಂಬರ್ 2, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಆಸ್ಟ್ರೇಲಿಯಾದ ಎದುರು 9 ಓವರಿಗೆ 102 ರನ್. ಅದೂ ತವರಿನ ಜನರ ಕಣ್ಣೆದುರು! ರೋಹಿತ್ ಶರ್ಮಾ 209 ಹೊಡೆದಿದ್ದರು, ಭಾರತ ಗೆದ್ದಿತು. ವಿನಯ್‌ಗೆ ಮಾತ್ರ ಅದೇ ಕೊನೆಯ ಅಂತಾರಾಷ್ಟ್ರೀಯ ಪಂದ್ಯವಾಯಿತು. ಟೆಸ್ಟ್ ಆಡಿದ್ದೂ ಒಂದೇ, 2012ರಲ್ಲಿ ಪರ್ತ್‌ನಲ್ಲಿ.

ಆ ಪೆಟ್ಟು ತಿಂದವರು ಮೂರು ತಿಂಗಳಲ್ಲಿ ಹೈದರಾಬಾದಿನಲ್ಲಿ ಕರ್ನಾಟಕದ ನಾಯಕರಾಗಿ ರಣಜಿ ಟ್ರೋಫಿ ಎತ್ತಿದರು. 1998-99ರ ಮೇಲೆ ನಮಗೆ ಅದೇ ಮೊದಲು. ಮರು ವರ್ಷವೂ ಗೆದ್ದರು. ಆ ಫೈನಲ್ ಮುಂಬೈಯ ವಾಂಖೆಡೆಯಲ್ಲಿ, ತಮಿಳುನಾಡಿನ ಎದುರು. ನಮ್ಮ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 188 ಹೊಡೆದರು, ಕರುಣ್ ನಾಯರ್ 328. ಅದರ ಗದ್ದಲದಲ್ಲಿ ಐದು ವಿಕೆಟ್ ಕಿತ್ತು ಶತಕವನ್ನೂ ಬಾರಿಸಿದ ನಾಯಕನನ್ನು ಜನ ಮರೆತೇಬಿಡುತ್ತಾರೆ.

ವಿನಯ್ ಅವರದ್ದು ಹೆದರಿಸುವ ವೇಗವಲ್ಲ. ವೇಗ ಇಲ್ಲದವನು ಬೆರಳನ್ನು ನಂಬಬೇಕು. ಸ್ಲೋ ಬಾಲನ್ನೇ ನೋಡಿ: ಓಟ ಅದೇ, ತೋಳಿನ ಬೀಸು ಅದೇ, ಬಿಡುವಾಗ ಮಾತ್ರ ತೋರುಬೆರಳು ಹೊಲಿಗೆಯನ್ನು ಬದಿಗೆ ಎಳೆಯಬೇಕು. ತೋಳು ತುಸು ನಿಧಾನವಾದರೂ ಬ್ಯಾಟ್ಸ್‌ಮನ್‌ಗೆ ಗುಟ್ಟು ತಿಳಿಯುತ್ತದೆ. ನಮ್ಮ ಕರಾವಳಿಯ ಸೆಕೆಗೆ ಸಂಜೆ ಹೊತ್ತಿಗೆ ಅಂಗೈ ಬೆವೆತು ಚೆಂಡು ಸಾಬೂನಿನ ಹಾಗೆ ಜಾರುತ್ತದೆ, ಸೊಂಟದಲ್ಲಿ ಒಣ ಬಟ್ಟೆಯೊಂದು ಇರಲಿ. ಇಂಥವನ್ನು ಒಂದೊಂದಾಗಿ ಕಲಿತವನಿಗೆ ಇನ್ನೊಬ್ಬನಿಗೆ ಹೇಳಿಕೊಡಲೂ ಬರುತ್ತದೆ. ಹುಟ್ಟಿನಿಂದಲೇ ಎಲ್ಲ ಬಂದವನನ್ನು ಕೇಳಿ ನೋಡಿ, "ಸುಮ್ಮನೆ ಹಾಕು ಮಾರಾಯ" ಅಂದಾನು.

2021ರಲ್ಲಿ ವಿನಯ್ ಆಟ ಬಿಟ್ಟಾಗ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 504 ವಿಕೆಟ್ ಆಗಿತ್ತು. ಅದೇ ವರ್ಷ ಮುಂಬೈ ಇಂಡಿಯನ್ಸ್ ಅವರನ್ನು ಪ್ರತಿಭೆ ಹುಡುಕುವ ಕೆಲಸಕ್ಕೆ ಕರೆಯಿತು. ಆಮೇಲೆ ಯುಎಇಯಲ್ಲಿ ಎಂಐ ಎಮಿರೇಟ್ಸ್ ತಂಡದ ಬೌಲಿಂಗ್ ಕೋಚ್ ಆದರು. ಜೊತೆಗೆ ಬೌಲ್ ಮಾಡುತ್ತಿದ್ದ ಎಸ್. ಅರವಿಂದ್ ಕೂಡ ಕರ್ನಾಟಕಕ್ಕೆ ಬೌಲಿಂಗ್ ಕೋಚ್ ಆದವರೇ.

ನಮ್ಮ ಹದಿನೆಂಟನೇ ಓವರಿನ ಹಾಗೆ, ಅಮೆರಿಕದ ಬೇಸ್‌ಬಾಲ್‌ನಲ್ಲಿ ಕೊನೆಗೆ ಬಂದು ಪಂದ್ಯ ಉಳಿಸುವುದಕ್ಕೆಂದೇ ಬೇರೆ ಎಸೆತಗಾರರಿರುತ್ತಾರೆ. ಡೇವ್ ರಿಗೆಟಿ ಹುಟ್ಟಾ ಅಂಥವರಲ್ಲ. 1983ರ ಜುಲೈ 4ರಂದು ಯಾಂಕೀಸ್ ಪರ ಪಂದ್ಯ ಶುರು ಮಾಡಿ, ಕೊನೆತನಕ ತಾವೇ ಎಸೆದು ಬಾಸ್ಟನ್‌ಗೆ ಒಂದೇ ಒಂದು ಹಿಟ್ ಬಿಟ್ಟುಕೊಡಲಿಲ್ಲ. ಅಂಥವರನ್ನು ಮರು ವರ್ಷವೇ ಕೊನೆಯ ಸರದಿಗೆ ತಳ್ಳಿದರು. ನಮ್ಮ ಹುಡುಗರಾದರೆ ಕ್ಲಬ್ಬನ್ನೇ ಬದಲಿಸುತ್ತಿದ್ದರೇನೋ! ರಿಗೆಟಿ 1986ರಲ್ಲಿ 46 ಪಂದ್ಯ ಉಳಿಸಿ ಆಗಿನ ದಾಖಲೆ ಮಾಡಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ 2000ದಿಂದ 2017ರವರೆಗೆ ಎಸೆತಗಾರರ ಕೋಚ್ ಆಗಿದ್ದರು. ಆ ಕಾಲದಲ್ಲಿ ತಂಡ ಮೂರು ಸಲ ವರ್ಲ್ಡ್ ಸೀರೀಸ್ ಗೆದ್ದಿತು.

ಕಷ್ಟದ ಸರದಿಯಲ್ಲಿ ಕಲಿತದ್ದನ್ನು ಮುಂದೆ ಹೇಳಿಕೊಡಲೂ ಬರುತ್ತದೆ, ಅದಕ್ಕೇ ಪೆಟ್ಟು ತಿಂದ ಓವರನ್ನು ಮನೆಗೆ ಹೋದ ಮೇಲೆ ಬರೆದಿಡಿ: ಯಾವ ಚೆಂಡು, ಎಲ್ಲಿ ಬಿತ್ತು, ಫೀಲ್ಡರ್ ಎಲ್ಲಿದ್ದ. ನಿಮಗಿಂತ ಚಿಕ್ಕವನೊಬ್ಬನನ್ನು ಮಿಡ್ ಆಫ್‌ನಲ್ಲಿ ನಿಲ್ಲಿಸಿಕೊಂಡು ಅದನ್ನು ವಿವರಿಸಿ ನೋಡಿ. ಓದನ್ನೂ ಬಿಡಬೇಡಿ, ಕೋಚ್ ಆಗುವುದಕ್ಕೂ ಕೋರ್ಸು, ಪರೀಕ್ಷೆ ಎಲ್ಲ ಉಂಟು. ಭಾನುವಾರದ ನೆಟ್ಸಿಗೆ ಬರುವಾಗ ನಲವತ್ತು ಓವರ್ ಸವೆದ ಚೆಂಡು ತನ್ನಿ, ಹೊಸದು ಬೇಡ.