ನಿಲ್ದಾಣದವರೆಗೆ

ಪುಣೆ–ಬೆಂಗಳೂರು ಹೆದ್ದಾರಿಯು ನಮ್ಮ ಜಿಲ್ಲೆಯ ಪೇಟೆಗಳ ನಡುಬೀದಿಯನ್ನು ಬಿಟ್ಟು ಊರ ಹೊರವಲಯಕ್ಕೆ ಸರಿದು, ಚತುಷ್ಪಥವಾಗಿ, 4 ಎಂಬ ತನ್ನ ಹಳೆಯ ಸಂಖ್ಯೆಯನ್ನು ಕಳಚಿ 48 ಎನಿಸಿಕೊಂಡ ಮೇಲೆ, ಹಾವೇರಿ–ರಾಣೇಬೆನ್ನೂರುಗಳ ನಡುವೆ ಹೊತ್ತು ಮುಳುಗಿದ ಬಳಿಕ ಸಂಚರಿಸುವ ಸಾಮಾನ್ಯ ಗೃಹಸ್ಥನಿಗೆ ಹೊಸದೊಂದು ಸಂಕಟವು ಪ್ರಾಪ್ತವಾಗಿದೆ. ಬಸ್ಸು ಊರೊಳಗೆ ಹೋಗುವುದಿಲ್ಲವೆಂಬುದೇ ಆ ಸಂಕಟ. ಇದಕ್ಕೆ ಸಿಕ್ಕಿದವರು ಅನೇಕರು. ಸಿಕ್ಕಿ, ಗೊಣಗಿ, ಗಂಟುಮೂಟೆಗಳನ್ನು ಹೊತ್ತುಕೊಂಡು ಬೈಪಾಸಿನ ಕತ್ತಲೆಯಲ್ಲಿ ಇಳಿದುಹೋದವರೇ ಅವರಲ್ಲಿ ಹೆಚ್ಚಿನವರು. ನಾನು ಇಳಿಯಲಿಲ್ಲ. ಏಕೆ ಇಳಿಯಲಿಲ್ಲವೆಂಬುದನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ತೋರಿದುದರಿಂದಲೂ, ಆ ರಾತ್ರಿಯ ಸಂಗತಿಯನ್ನು ನನ್ನ ಭಾವಮೈದುನನು ನೆಂಟರಿಷ್ಟರಲ್ಲೆಲ್ಲ ತನಗೆ ತೋರಿದಂತೆ ಹೇಳುತ್ತ ಬಂದಿರುವುದರಿಂದಲೂ ಈ ಲೇಖನಕ್ಕೆ ಕೈಹಚ್ಚಿದ್ದೇನೆ.

ನನ್ನ ತಾಯಿಗೆ ಎಂಬತ್ತರ ಸಮೀಪದ ವಯಸ್ಸು. ಮೊಣಕಾಲುಗಳು ಸೋತಿವೆ, ಆದರೂ ವರ್ಷದ ಖಾರಕ್ಕೆ ಬೇಕಾದ ಮೆಣಸಿನಕಾಯಿಯನ್ನು ಬ್ಯಾಡಗಿಗೆ ಹೋಗಿ ಸ್ವತಃ ನೋಡಿ ಆರಿಸಿ ತರಬೇಕೆಂಬ ನೇಮವನ್ನು ಆಕೆ ಬಿಟ್ಟಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತೆಂದು ನಾನು ಹೇಳಿದರೆ, ಅದನ್ನು ಸರಕಾರದವರು ತಿಳಿಯುವುದಕ್ಕೆ ಮೊದಲೇ ನಮ್ಮ ಮನೆಯ ಹೆಣ್ಣುಮಕ್ಕಳು ತಿಳಿದಿದ್ದರೆಂಬುದು ಆಕೆಯ ಉತ್ತರ. ಡಬ್ಬಿ ತಳಿಯ ಗಿಡ್ಡ ಮೈಯ ಬಣ್ಣವೇನು, ಕಡ್ಡಿ ತಳಿಯ ನೀಳವಾದ ಸುಕ್ಕುಗಳೇನು, ತೊಟ್ಟು ಹಿಡಿದು ಅಲ್ಲಾಡಿಸಿದಾಗ ಒಳಗಿನ ಬೀಜವು ಸದ್ದು ಮಾಡುತ್ತದೆಯೋ ಇಲ್ಲವೋ ಎಂಬುದೇನು, ಇವೆಲ್ಲವೂ ಆಕೆಯ ಬೆರಳುಗಳಿಗೆ ಗೊತ್ತು. ಹೀಗಾಗಿ ಫೆಬ್ರವರಿಯ ಒಂದು ಸೋಮವಾರ ನಾವು ಮೂವರು, ಎಂದರೆ ತಾಯಿ, ನಾನು ಮತ್ತು ಭಾವಮೈದುನ, ರಾಣೇಬೆನ್ನೂರಿನಿಂದ ಹೊರಟೆವು. ಸೋಮವಾರ ಗುರುವಾರಗಳು ಬ್ಯಾಡಗಿಯ ಮಾರುಕಟ್ಟೆಯ ದಿನಗಳಾದುದರಿಂದ, ಮೋಟೆಬೆನ್ನೂರಿನಲ್ಲಿ ಹೆದ್ದಾರಿಯನ್ನು ಬಿಟ್ಟ ಕೂಡಲೆ ಚೀಲಗಳನ್ನು ಎದೆಯೆತ್ತರಕ್ಕೂ ಮೀರಿ ಹೇರಿದ ಲಾರಿಗಳ ಸಾಲು ಮೊದಲಾಯಿತು. ಪೇಟೆಯನ್ನು ಸೇರುವಷ್ಟರಲ್ಲಿ ಬಸ್ಸಿನೊಳಗಿದ್ದವರೆಲ್ಲ ಸೀನತೊಡಗಿದ್ದರು. ಖರೀದಿಯು ಸುಸೂತ್ರವಾಗಿ ನಡೆಯಿತು. ಅಲ್ಲಿಂದ ಹಾವೇರಿಗೆ ಹೋಗಿ, ಹಾಸಿಗೆ ಹಿಡಿದಿದ್ದ ದೊಡ್ಡಮ್ಮನನ್ನು ಕಂಡು ಮಾತನಾಡಿಸಿ, ಊಟ ಮಾಡಿ ಎದ್ದಾಗ ರಾತ್ರಿಯಾಗಿತ್ತು.

ತಾಯಿಯು ರೈಲಿನಲ್ಲಿ ಹೋಗೋಣವೆಂದಳು. ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೇಬೆನ್ನೂರು ಇವು ಒಂದೇ ಹಳಿಯ ಮೇಲಿನ ನಿಲ್ದಾಣಗಳು. ಹಾವೇರಿಯ ನಿಲ್ದಾಣಕ್ಕೆ ಈಗ ಮೈಲಾರ ಮಹಾದೇವಪ್ಪನವರ ಹೆಸರನ್ನು ಇಟ್ಟಿದ್ದಾರೆ. ದಾಂಡಿಯವರೆಗೆ ಗಾಂಧೀಜಿಯವರೊಡನೆ ಕಾಲ್ನಡಿಗೆಯಲ್ಲಿ ಸಾಗಿ, 1943ರ ಏಪ್ರಿಲ್ ಮೊದಲ ದಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಆ ಪುಣ್ಯಾತ್ಮರು ಹುಟ್ಟಿದುದು ನಾವು ಬೆಳಗ್ಗೆ ಹಾದುಬಂದ ಮೋಟೆಬೆನ್ನೂರಿನಲ್ಲಿಯೇ. ರೈಲಿಗೆ ಒಂದು ಗುಣವುಂಟು: ಅದು ಹಳಿಯಿದ್ದಲ್ಲಿಗೇ ಹೋಗಬೇಕು, ನಿಲ್ದಾಣವಿದ್ದಲ್ಲಿಯೇ ನಿಲ್ಲಬೇಕು, ಊರನ್ನು ತಪ್ಪಿಸಿ ಹೊಲದ ಬದಿಯಲ್ಲಿ ಜನರನ್ನು ಇಳಿಸಿ ಮುಂದಕ್ಕೆ ಓಡುವ ಸ್ವಾತಂತ್ರ್ಯವು ಅದರ ಚಾಲಕನಿಗಿಲ್ಲ. ಆದರೆ ಭಾವಮೈದುನನಿಗೆ ಕಾಯುವ ಸಹನೆಯೆಂಬುದು ಹುಟ್ಟಿನಿಂದಲೂ ಇಲ್ಲ. “ಬೆಂಗಳೂರ ಬಸ್ಸು ಈಗ ಬರ್ತಾವ, ಮುಕ್ಕಾಲು ತಾಸಿನ್ಯಾಗ ಮನಿ ಮುಟ್ಟತೀವಿ” ಎಂದು ಅವನು ಹಟ ಹಿಡಿದು ನಮ್ಮನ್ನು ಬಸ್ ನಿಲ್ದಾಣಕ್ಕೆ ಎಳೆದುಕೊಂಡು ಹೋದನು. ಆ ಹಟವಿಲ್ಲದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ.

ಬಂದ ಬಸ್ಸಿನ ನಿರ್ವಾಹಕನನ್ನು ರಾಣೇಬೆನ್ನೂರು ನಿಲ್ದಾಣಕ್ಕೆ ಹೋಗುವುದೇ ಎಂದು ನಾನು ಮೆಟ್ಟಿಲ ಮೇಲೆ ಕಾಲಿಡುವ ಮೊದಲೇ ಕೇಳಿದೆ. ಹೋಗುತ್ತದೆಂದು ತಲೆಯಾಡಿಸಿದನು. ನಮ್ಮಿಬ್ಬರಿಂದ ಹಣ ಪಡೆದು ಟಿಕೆಟ್ಟು ಕೊಟ್ಟನು, ಮೆಣಸಿನಕಾಯಿಯ ಚೀಲಕ್ಕೂ ಲಗೇಜು ಹರಿದನು. ತಾಯಿಯ ಆಧಾರ್ ಕಾರ್ಡನ್ನು ನೋಡಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟನ್ನು ಕೊಟ್ಟನು. ಎಲ್ಲದರ ಮೇಲೆಯೂ ಊರಿನ ಹೆಸರು ಸ್ಪಷ್ಟವಾಗಿ ಮುದ್ರಿತವಾಗಿತ್ತು. ಬಸ್ಸು ಯಾವ ಊರಿನ ಯಾವ ಘಟಕದ್ದೆಂಬುದನ್ನು ಇಲ್ಲಿ ಹೇಳುವುದಿಲ್ಲ, ಹೇಳಬೇಕಾದಲ್ಲಿ ಹೇಳಿದ್ದೇನೆ.

ರಾಣೇಬೆನ್ನೂರಿನ ದೀಪಗಳು ಕಾಣತೊಡಗಿದಾಗ ಬಸ್ಸು ಊರ ಕಡೆಗೆ ತಿರುಗುವ ಕವಲಿನ ಬಳಿ ವೇಗವನ್ನು ತಗ್ಗಿಸಿ, ತಿರುಗದೆ, ಹೆದ್ದಾರಿಯ ಅಂಚಿನಲ್ಲಿ ನಿಂತಿತು. “ರಾಣೇಬೆನ್ನೂರು ಇಳೀರಿ, ಲಗೂ ಲಗೂ!” ಎಂದು ಕೂಗು ಬಂದಿತು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಒಂದು ದೀಪದ ಕಂಬವಿಲ್ಲ, ಆಟೋ ಇಲ್ಲ, ಮನುಷ್ಯರ ಸುಳಿವಿಲ್ಲ. ಎಡಕ್ಕೆ ಕಬ್ಬಿಣದ ತಡೆಗೋಡೆ, ಅದರಾಚೆ ತಗ್ಗು, ಬಲಕ್ಕೆ ಬಸ್ಸನ್ನೇ ನಡುಗಿಸುವಂತೆ ಧಾವಿಸುತ್ತಿದ್ದ ಲಾರಿಗಳು. ನಿಲ್ದಾಣಕ್ಕೆ ಹೋಗುತ್ತದೆಂದು ನೀವೇ ಹೇಳಿದಿರಲ್ಲ ಎಂದೆ. “ಒಳಗ ಹೋಗೂದಿಲ್ಲ ರೀ ಯಜಮಾನ್ರ. ಹೊತ್ತಾಗೇತಿ. ಎಲ್ಲಾರೂ ಇಲ್ಲೇ ಇಳೀತಾರ” ಎಂಬ ಉತ್ತರ ಬಂದಿತು. ನನ್ನ ತಾಯಿಗೆ ನಡೆಯಲಾಗದೆಂದೆ. ಆಗ ಅವನು ಆಡಿದ ಮಾತನ್ನು ನಾನು ಮರೆಯಲಾರೆ: “ಪುಕ್ಕಟೆ ಬಂದವ್ರಿಗೆ ಬಾಗಿಲ ತನಕಾ ಬಿಡಬೇಕೇನ್ರೀ?”

2023ರ ಜೂನ್ 11ರಿಂದ ಈ ರಾಜ್ಯದ ಹೆಣ್ಣುಮಕ್ಕಳು ಶೂನ್ಯ ಟಿಕೆಟ್ಟಿನ ಮೇಲೆ ಪ್ರಯಾಣ ಮಾಡುತ್ತಿರುವುದು ಯಾವ ನಿರ್ವಾಹಕನ ಔದಾರ್ಯದಿಂದಲೂ ಅಲ್ಲ. ಆ ಶೂನ್ಯದ ಬೆಲೆಯನ್ನು ಸರಕಾರವು ಜನರ ತೆರಿಗೆಯಿಂದ ಸಾರಿಗೆ ಸಂಸ್ಥೆಗಳಿಗೆ ತುಂಬಿಕೊಡುತ್ತದೆ. ಆಯುಷ್ಯವೆಲ್ಲ ಹೊಲದಲ್ಲಿಯೂ ಒಲೆಯ ಮುಂದೆಯೂ ದುಡಿದ ಮುದುಕಿಯೊಬ್ಬಳನ್ನು ಬಸ್ಸಿನವರೆಲ್ಲರ ಎದುರಿನಲ್ಲಿ ಪುಕ್ಕಟೆಯವಳೆಂದು ಕರೆದುದನ್ನು ಕೇಳಿದ ಮೇಲೆ, ಅದುವರೆಗೆ ಅನುಕೂಲದ ಪ್ರಶ್ನೆಯಾಗಿದ್ದುದು ನನಗೆ ಮರ್ಯಾದೆಯ ಪ್ರಶ್ನೆಯಾಯಿತು. ನಾನು ಆಸನದಲ್ಲಿ ಕುಳಿತೇ, ನಿಲ್ದಾಣವು ಬಂದಾಗ ಇಳಿಯುತ್ತೇವೆಂದು ಹೇಳಿದೆ.

ಚಾಲಕನು ಎಂಜಿನನ್ನು ಆರಿಸಿದನು. ಒಳಗಿನ ದೀಪವೂ ಆರಿತು. ಅದರ ನಂತರದ ಹೊತ್ತು ಎಷ್ಟಿದ್ದಿತೆಂದು ನಾನು ಗಡಿಯಾರ ನೋಡಲಿಲ್ಲ. ಬೆಂಗಳೂರಿಗೆ ಹೊರಟಿದ್ದವರು ಒಬ್ಬೊಬ್ಬರಾಗಿ ಎಚ್ಚೆತ್ತು, ಏನಾಯಿತೆಂದು ವಿಚಾರಿಸಿ, ವಿಷಯ ತಿಳಿದು, ಒಬ್ಬರಿಗಾಗಿ ಎಲ್ಲರಿಗೂ ತೊಂದರೆ ಏಕೆಂದು ನನ್ನನ್ನೇ ಆಕ್ಷೇಪಿಸತೊಡಗುವಷ್ಟು ದೀರ್ಘವಾಗಿದ್ದಿತು. ಹಿಂದಿನ ಸಾಲಿನಿಂದ ಯಾರೋ ಕೆಟ್ಟ ಮಾತು ಆಡಿದರು. ಮುಂದೆ ಕುಳಿತಿದ್ದ ಯುವಕನೊಬ್ಬನು ಆಟೋದ ಹಣವನ್ನು ತಾನೇ ಕೊಡುವೆನೆಂದು ಕೈಚಾಚಿದನು. ಅವನ ಮನಸ್ಸು ಒಳ್ಳೆಯದೇ, ಆದರೆ ಕರೆಯಲು ಆಟೋ ಎಲ್ಲಿತ್ತು? ಇವೆಲ್ಲವನ್ನೂ ಸಹಿಸಿದೆ. ಸಹಿಸಲಾಗದೆ ಹೋದುದು ಒಂದೇ: ನನ್ನ ಭಾವಮೈದುನನು ಎದ್ದು ನಿಂತು, ನಿರ್ವಾಹಕನ ಹೆಗಲ ಮೇಲೆ ಕೈಯಿಟ್ಟು, “ನಮ್ಮ ಮಾಮಾರದು ಸ್ವಭಾವನ ಹಂಗ, ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದು ಹೇಳಿ, ಮೆಣಸಿನಕಾಯಿಯ ಚೀಲವನ್ನೂ ಬಿಟ್ಟು, ಕೆಳಗಿಳಿದು ಕತ್ತಲೆಯಲ್ಲಿ ನಡೆದುಬಿಟ್ಟನು. ಪರರು ವಿರೋಧಿಸುವುದು ಸಹಜ. ನಮ್ಮವರೇ ಎದುರಾಳಿಯ ಪಕ್ಷಕ್ಕೆ ಸೇರುವುದು ಬುಡಕ್ಕೆ ಬಿದ್ದ ಕೊಡಲಿಯೇಟಿನಂತೆ.

ತಾಯಿಯು ಒಮ್ಮೆ ನನ್ನ ತೋಳು ಮುಟ್ಟಿ, “ಇಳಿಯೂಣೇನೋ ತಮ್ಮಾ?” ಎಂದಳು. ಬೇಡವೆಂದೆ. ಆಕೆ ಸೆರಗನ್ನು ಸರಿಪಡಿಸಿಕೊಂಡು, ನಿರ್ವಾಹಕನ ಕಡೆಗೆ ತಿರುಗಿ, ಸಿಟ್ಟಿಲ್ಲದ ಧ್ವನಿಯಲ್ಲಿ, “ನಿನ್ನ ಅವ್ವನ್ನ ಇಲ್ಲಿ ಇಳಿಸಿ ಹೋಗ್ತಿದ್ದೇನಪ್ಪಾ?” ಎಂದು ಕೇಳಿದಳು. ಅವನು ಉತ್ತರ ಕೊಡಲಿಲ್ಲ. ಆದರೆ ಅದುವರೆಗೆ ನನ್ನನ್ನು ಬೈಯುತ್ತಿದ್ದವರು ಸುಮ್ಮನಾದರು. ಹುಬ್ಬಳ್ಳಿಯಿಂದ ಬರುತ್ತಿದ್ದ ಹೆಂಗಸೊಬ್ಬಳು, ಇಷ್ಟು ಹೊತ್ತು ನಿಲ್ಲಿಸಿದ ವೇಳೆಯಲ್ಲಿ ಊರೊಳಗೆ ಹೋಗಿ ಬರಬಹುದಾಗಿತ್ತೆಂದು ಗಟ್ಟಿಯಾಗಿ ಹೇಳಿದಳು. ಹೌದೆಂದು ಇಬ್ಬರು ಮೂವರು ದನಿಗೂಡಿಸಿದರು. ಚಾಲಕನು ಬಾಯಲ್ಲಿ ಏನೋ ಅಂದುಕೊಳ್ಳುತ್ತ ಎಂಜಿನನ್ನು ಚಾಲೂ ಮಾಡಿ, ಬಸ್ಸನ್ನು ಹಳೆಯ ಪಿ.ಬಿ. ರಸ್ತೆಯ ಕಡೆಗೆ ತಿರುಗಿಸಿದನು.

ನಿಲ್ದಾಣದಲ್ಲಿ ನಾವು ಇಳಿಯುವುದಕ್ಕೆ ಮುಂಚೆಯೇ ಬಾಗಿಲಿಗೆ ಜನ ಮುಗಿಬಿದ್ದರು. ಬೆಂಗಳೂರಿನ ಬಸ್ಸು ಈಗ ಬರುತ್ತದೆ, ಆಗ ಬರುತ್ತದೆಂದು ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ಕುಳಿತಿದ್ದರು; ಒಂದಾದ ಮೇಲೊಂದು ಬಸ್ಸು ಹೊರಗಿನಿಂದಲೇ ಹಾದುಹೋಗುತ್ತಿದ್ದ ಸಂಗತಿಯು ಅವರಿಗೆ ತಿಳಿಯುವುದಾದರೂ ಹೇಗೆ? ಖಾಲಿಯಿದ್ದ ಆಸನಗಳೆಲ್ಲ ತುಂಬಿದವು. ಬೈಪಾಸಿನಲ್ಲಿ ಇಳಿಸುವವನು ಒಳಗಿರುವವರಿಗೆ ಮಾತ್ರವಲ್ಲದೆ ಹೊರಗೆ ಕಾಯುವವರಿಗೂ ಅನ್ಯಾಯ ಮಾಡುತ್ತಾನೆ, ಸಂಸ್ಥೆಯ ಆದಾಯವನ್ನೂ ಕೆಡಿಸುತ್ತಾನೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಮನೆಗೆ ಬಂದಾಗ ಭಾವಮೈದುನನು ಇನ್ನೂ ಬಂದಿರಲಿಲ್ಲ. ಆಮೇಲೆ ಧೂಳು ಮೆತ್ತಿದ ಕಾಲುಗಳಿಂದ ಬಂದು, ಊಟವನ್ನೂ ಕೇಳದೆ ಮಲಗಿದನು.

ಮರುವಾರ ಟಿಕೆಟ್ಟುಗಳನ್ನು ಲಗತ್ತಿಸಿ ಲಿಖಿತ ದೂರನ್ನು ಕೊಟ್ಟೆ. ಅದನ್ನು ಸ್ವೀಕರಿಸಿದ ಅಧಿಕಾರಿಯು ಕಾಗದಕ್ಕಿಂತ ನನ್ನ ಮುಖವನ್ನೇ ಹೆಚ್ಚು ಹೊತ್ತು ನೋಡಿ, ಇಷ್ಟಕ್ಕೆಲ್ಲ ದೂರೇ ಎಂದನು. ಇಷ್ಟಕ್ಕೇ ಎಂದು ಹೇಳಿ, ಸ್ವೀಕೃತಿಯ ಮುದ್ರೆ ಬೀಳುವವರೆಗೆ ಅಲ್ಲಿಂದ ಕದಲಲಿಲ್ಲ. ಕ್ರಮ ಕೈಗೊಳ್ಳಲಾಗುವುದೆಂಬ ಒಂದು ಸಾಲಿನ ಉತ್ತರ ಬಂದಿದೆ.

ಈ ದಾರಿಯಲ್ಲಿ ತಿರುಗುವವರಿಗೆ ಹೇಳಬೇಕಾದುದು ಇಷ್ಟೆ. ಹತ್ತುವ ಮೊದಲು ನಿಲ್ದಾಣಕ್ಕೆ ಹೋಗುತ್ತದೆಯೇ ಎಂದು ನಾಲ್ಕು ಜನರಿಗೆ ಕೇಳಿಸುವಂತೆ ಕೇಳಿರಿ. ಶೂನ್ಯ ಟಿಕೆಟ್ಟಾದರೂ ಎಸೆಯದೆ ಇಟ್ಟುಕೊಳ್ಳಿರಿ. ಬಸ್ಸಿನ ಸಂಖ್ಯೆಯನ್ನು ಬರೆದುಕೊಳ್ಳಿರಿ. ವೃದ್ಧರು ಜೊತೆಗಿದ್ದರೆ, ವೇಳೆ ಹೊಂದುವಂತಿದ್ದರೆ, ರೈಲೇ ಲೇಸು. ಮೆಣಸಿನಕಾಯಿಯ ಹಂಗಾಮಿನಲ್ಲಿ ಸೋಮವಾರ ಗುರುವಾರ ಬ್ಯಾಡಗಿಯ ದಾರಿಯನ್ನು ಹಿಡಿಯುವವರು ಒಂದು ತಾಸು ಮುಂಚಿತವಾಗಿ ಹೊರಡಿರಿ. ಮತ್ತು ಹಣ ಕೊಟ್ಟೋ ಶೂನ್ಯಕ್ಕೋ ನಿಮ್ಮ ಊರಿನ ಹೆಸರಿನ ಟಿಕೆಟ್ಟು ನಿಮ್ಮ ಕೈಯಲ್ಲಿರುವಾಗ, ಯಾರು ಏನೆಂದರೂ, ರಾತ್ರಿಯ ಹೊತ್ತು ಬೈಪಾಸಿನಲ್ಲಿ ಇಳಿಯಬೇಡಿರಿ.