ಚಳಿಗಾಲದ ಹವಾಮಾನ ಮುನ್ಸೂಚನೆ ಮತ್ತು ಎಳೆಯ ಶಿಶುವಿನ ರಕ್ಷಣೆ



ಮಳೆಗಾಲ ಬಂದಿತೆಂದರೆ ನಮ್ಮ ರೈತಬಾಂಧವರು ಹವಾಮಾನ ವರದಿಯನ್ನು ತಪ್ಪದೆ ಕೇಳುತ್ತಾರೆ. ಬಿತ್ತನೆಗೆ ಹದವಾಗುವುದೇ, ಬೆಳೆಗೆ ಔಷಧಿ ಸಿಂಪಡಿಸಬಹುದೇ ಎಂದು ವಿಚಾರಿಸುತ್ತಾರೆ. ಆದರೆ ದೀಪಾವಳಿ ಕಳೆದು ಸುಗ್ಗಿಯ ಕೆಲಸ ಮೊದಲಾದ ಮೇಲೆ ಆ ವರದಿಯ ಕಡೆಗೆ ಲಕ್ಷ್ಯ ಕೊಡುವವರು ವಿರಳ. ‘ಒಣಹವೆ ಮುಂದುವರಿಯಲಿದೆ’ ಎಂಬ ವಾಕ್ಯ ಕಿವಿಗೆ ಬಿದ್ದೊಡನೆ ಗಮನ ಬೇರೆಡೆಗೆ ಹರಿಯುತ್ತದೆ. ಆ ವಾಕ್ಯದ ಬೆನ್ನಿಗೇ ಇನ್ನೊಂದು ಅಂಶ ಬರುತ್ತದೆ. ಅದೇ ‘ಕನಿಷ್ಠ ಉಷ್ಣಾಂಶ’. ಮನೆಯಲ್ಲಿ ಎಳೆಯ ಕೂಸಿರುವ ದಂಪತಿಗಳು ಚಳಿಗಾಲದಲ್ಲಿ ಪ್ರತಿ ಸಂಜೆ ತಿಳಿದುಕೊಳ್ಳಬೇಕಾದ ಸಂಖ್ಯೆ ಇದಾಗಿದೆ. ಏಕೆಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಮುನ್ಸೂಚನೆಯನ್ನು ಅರಿಯುವ ಬಗೆ

ನಮ್ಮ ದೇಶದ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕಕ್ಕೆ ಸಂಬಂಧಿಸಿದ ಮುನ್ಸೂಚನೆಯನ್ನು ಅದರ ಬೆಂಗಳೂರು ಕೇಂದ್ರವು ಹೊರಡಿಸುತ್ತದೆ. ಆಕಾಶವಾಣಿ, ದೂರದರ್ಶನ ಮತ್ತು ದಿನಪತ್ರಿಕೆಗಳಲ್ಲಿ ಇದು ದೊರೆಯುತ್ತದೆ. ಮೊಬೈಲ್ ಫೋನ್ ಇರುವವರು ಇಲಾಖೆಯ ‘ಮೌಸಮ್’ ಆ್ಯಪ್‌ನಲ್ಲಿಯೂ ನೋಡಬಹುದು.

ದಿನದ ಅತ್ಯಂತ ಹೆಚ್ಚಿನ ಬಿಸಿಯನ್ನು ಗರಿಷ್ಠ ಉಷ್ಣಾಂಶವೆಂದೂ ಅತ್ಯಂತ ಕಡಿಮೆಯ ಬಿಸಿಯನ್ನು ಕನಿಷ್ಠ ಉಷ್ಣಾಂಶವೆಂದೂ ಕರೆಯುತ್ತಾರೆ. ಚಳಿಯು ನಡುರಾತ್ರಿಯಲ್ಲಿ ಅತಿ ಹೆಚ್ಚೆಂದು ಬಹಳ ಜನರು ತಿಳಿದಿರುತ್ತಾರೆ. ಅದು ನಿಜವಲ್ಲ. ಭೂಮಿಯು ರಾತ್ರಿಯುದ್ದಕ್ಕೂ ತನ್ನ ಶಾಖವನ್ನು ಕಳೆದುಕೊಳ್ಳುತ್ತಲೇ ಇರುವುದರಿಂದ, ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ ಚಳಿ ಅತ್ಯಧಿಕವಾಗಿರುತ್ತದೆ. ಹವಾಮಾನ ಕೇಂದ್ರದ ಉಷ್ಣಮಾಪಕವನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಇರಿಸಿರುತ್ತಾರೆ. ನಿರ್ಮಲವಾದ ಚಳಿಯ ರಾತ್ರಿಗಳಲ್ಲಿ ಬಯಲಿನ ನೆಲವು ಅದಕ್ಕಿಂತಲೂ ತಣ್ಣಗಿರುತ್ತದೆ.

ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಷ್ಟಾದರೂ ಕಡಿಮೆಯಾದಾಗ ಇಲಾಖೆಯು ಅದನ್ನು ಶೀತಗಾಳಿಯೆಂದು ಸಾರುತ್ತದೆ. ಶೀತಗಾಳಿಯ ಎಚ್ಚರಿಕೆ ಇಲ್ಲವಾದುದರಿಂದ ಭಯವಿಲ್ಲವೆಂದು ನೀವು ಭಾವಿಸಕೂಡದು. ಆ ಅಳತೆಯು ಊರಿಗೆಲ್ಲ ಅನ್ವಯಿಸುವಂಥದು. ತೊಟ್ಟಿಲಲ್ಲಿರುವ ಕೂಸಿನ ಅಳತೆ ಬೇರೆ.

ನಮ್ಮ ತಾಲ್ಲೂಕುಗಳ ಚಳಿ

ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ನಮ್ಮ ಕಡೆ ಹಗಲಿನ ಉಷ್ಣಾಂಶ ಸುಮಾರು 30 ಡಿಗ್ರಿಯಷ್ಟಿದ್ದರೆ, ರಾತ್ರಿಯದು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕೆಲವು ರಾತ್ರಿಗಳಲ್ಲಿ ಇನ್ನೂ ಕೆಳಗಿಳಿಯುತ್ತದೆ. ಮಧ್ಯಾಹ್ನದ ಬಿಸಿಲನ್ನು ಕಂಡು ‘ಈ ಸಾರಿ ಚಳಿಯೇ ಇಲ್ಲ’ ಎನ್ನುವವರು ಬೆಳಗಿನ ಜಾವದ ಸ್ಥಿತಿಯನ್ನು ಮರೆತಿರುತ್ತಾರೆ.

ಎಲ್ಲ ಕಡೆಯ ಚಳಿಯೂ ಒಂದೇ ಬಗೆಯದಲ್ಲ. ಜಗಳೂರಿನ ಒಣ ಬಯಲಿನಲ್ಲಿ ಆಕಾಶ ನಿರ್ಮಲವಾಗಿ, ಗಾಳಿಯಲ್ಲಿ ತೇವ ಕಡಿಮೆಯಾಗಿರುವಾಗ ಹಗಲಿನ ಬಿಸಿಯು ರಾತ್ರಿ ಬೇಗನೆ ಹಾರಿಹೋಗುತ್ತದೆ. ಮೋಡವು ಭೂಮಿಗೆ ಹೊದಿಸಿದ ಕಂಬಳಿಯಿದ್ದಂತೆ. ಅದಿಲ್ಲದ ರಾತ್ರಿಯಲ್ಲಿ ಚಳಿ ಹೆಚ್ಚು. ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯ ಸುತ್ತಿನ ಗುಡ್ಡಗಳ ನಡುವೆ ತಗ್ಗಿನಲ್ಲಿರುವ ಊರುಗಳ ಪರಿಸ್ಥಿತಿ ಬೇರೆ. ತಣ್ಣನೆಯ ಗಾಳಿಯು ಭಾರವಾದುದರಿಂದ ಅದು ಇಳಿಜಾರಿನಲ್ಲಿ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಡಿಕೆ ತೋಟ, ಗದ್ದೆ, ನಾಲೆಗಳ ಬದಿಯಲ್ಲಿ ಇಬ್ಬನಿಯ ತೇವವೂ ಸೇರುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಊರುಗಳಲ್ಲಿಯೂ, ನ್ಯಾಮತಿಯ ಗುಡ್ಡದ ತಪ್ಪಲಿನಲ್ಲಿಯೂ ಇದೇ ನಿಯಮ. ಆದುದರಿಂದ ಜಿಲ್ಲೆಗೆಂದು ಸಾರಿದ ಉಷ್ಣಾಂಶಕ್ಕಿಂತ ನಿಮ್ಮ ಊರಿನದು ಒಂದೆರಡು ಡಿಗ್ರಿ ಕಡಿಮೆಯಿರಬಹುದೆಂದು ತಿಳಿದು ನಡೆಯುವುದು ಕ್ಷೇಮಕರ. ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೆರಿಗೆಗಾಗಿ ತವರಿಗೆ ಹೋಗುವ ಸೊಸೆಯರ ಮನೆಯವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಶಿಶುವಿಗೆ ಚಳಿ ಏಕೆ ಅಪಾಯಕರ?

ಗರ್ಭದಲ್ಲಿ ಶಿಶುವು ಸುಮಾರು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿರುತ್ತದೆ. ಜನಿಸಿದ ಕೂಡಲೇ ಒದ್ದೆಮೈಯಿಂದ ಹೊರಗಾಳಿಗೆ ಬರುತ್ತದೆ. ದೊಡ್ಡವರು ಚಳಿಯಾದಾಗ ನಡುಗುತ್ತಾರೆ, ನಡುಗಿದಾಗ ಮೈ ಬಿಸಿಯಾಗುತ್ತದೆ. ನವಜಾತ ಶಿಶುವಿಗೆ ಹಾಗೆ ನಡುಗುವ ಶಕ್ತಿ ಇರುವುದಿಲ್ಲ. ಅದರ ಕತ್ತು ಹಾಗೂ ಬೆನ್ನಿನ ಮೇಲ್ಭಾಗದಲ್ಲಿರುವ ವಿಶೇಷ ಬಗೆಯ ಕೊಬ್ಬು ಮಾತ್ರ ಉರಿದು ಶಾಖ ನೀಡುತ್ತದೆ. ದಿನ ತುಂಬದೆ ಹುಟ್ಟಿದ ಹಾಗೂ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಈ ಕೊಬ್ಬೂ ಅತ್ಯಲ್ಪ. ಅದು ತೀರಿದ ಮೇಲೆ ಮೈ ತಣ್ಣಗಾಗುತ್ತದೆ, ರಕ್ತದಲ್ಲಿನ ಸಕ್ಕರೆ ಇಳಿಯುತ್ತದೆ, ಶಿಶುವು ಮಂಕಾಗಿ ಮೊಲೆಯುಣ್ಣುವುದನ್ನು ಬಿಡುತ್ತದೆ. ಉಣ್ಣದಿದ್ದರೆ ಮೈ ಇನ್ನಷ್ಟು ತಣ್ಣಗಾಗುತ್ತದೆ.

ಕಂಕುಳಲ್ಲಿ ಅಳೆದಾಗ ಶಿಶುವಿನ ಉಷ್ಣತೆ 36.5ರಿಂದ 37.5 ಡಿಗ್ರಿಯವರೆಗೆ ಇರಬೇಕು. ಅದು ಮಲಗುವ ಕೋಣೆ 25 ಡಿಗ್ರಿಗಿಂತ ತಣ್ಣಗಿರದಿದ್ದರೆ ಉತ್ತಮ. ಹೊರಗೆ 15 ಡಿಗ್ರಿ ಎಂದು ವರದಿ ಹೇಳಿದ ದಿನ, ಈ ಎರಡರ ನಡುವಿನ ಹತ್ತು ಡಿಗ್ರಿಯ ಅಂತರವನ್ನು ತುಂಬಿಕೊಡುವ ಹೊಣೆ ತಾಯಿತಂದೆಯರದು.

ಒಂದು ಉದಾಹರಣೆ

ಕೆಲವು ವರ್ಷಗಳ ಹಿಂದೆ ಪುಷ್ಯಮಾಸದಲ್ಲಿ ನಡೆದ ಘಟನೆಯಿದು. ಒಂದು ಕಿಲೋ ಒಂಬೈನೂರು ಗ್ರಾಂ ತೂಕದ ಹೆಣ್ಣು ಶಿಶುವೊಂದು ತಾಯಿಯೊಡನೆ ಮನೆ ಸೇರಿತ್ತು. ತಗಡಿನ ಮಾಡಿನ ಮನೆ. ವಾಡಿಕೆಯಂತೆ ಅಜ್ಜಿಯು ಹೊತ್ತು ಮೂಡುವ ಮುನ್ನವೇ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದರು. ಅಂದು ಹಗಲೆಲ್ಲ ಕೂಸು ಅಳಲಿಲ್ಲ, ಹಾಲು ಬೇಡಲಿಲ್ಲ. ‘ಎಷ್ಟು ಸಾಧು ಕೂಸು!’ ಎಂದು ಮನೆಯವರು ಸಂತೋಷಪಟ್ಟರು. ಸಂಜೆ ಆಶಾ ಕಾರ್ಯಕರ್ತೆಯು ಬಂದು ಅಂಗಾಲು ಮತ್ತು ಹೊಟ್ಟೆಯನ್ನು ಮುಟ್ಟಿ ನೋಡಿದಾಗ ಎರಡೂ ತಣ್ಣಗಿದ್ದವು. ಆಕೆ ತಡಮಾಡದೆ ಶಿಶುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇರಿಸಿ, ಮೇಲೆ ಕೌದಿ ಹೊದಿಸಿ, 108ಕ್ಕೆ ಕರೆಮಾಡಿದಳು. ಆಸ್ಪತ್ರೆಯಲ್ಲಿ ತಾಯಿ ವಿಶ್ರಾಂತಿ ಪಡೆಯುವಾಗ ತಂದೆಯೇ ಅಂಗಿ ಬಿಚ್ಚಿ ಮಗಳನ್ನು ಎದೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಕೂಸು ಉಳಿಯಿತು. ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ; ಕೊರತೆಯಿದ್ದುದು ತಿಳಿವಳಿಕೆಗೆ. ಅಳದ ಕೂಸು ಯಾವಾಗಲೂ ಸುಖವಾಗಿರುವ ಕೂಸಲ್ಲವೆಂಬುದನ್ನು ಮರೆಯಬೇಡಿರಿ.

ನೀವು ಮಾಡಬೇಕಾದುದು

1. ಸಂಜೆಯ ವರದಿಯಲ್ಲಿ ಕನಿಷ್ಠ ಉಷ್ಣಾಂಶವನ್ನು ಕೇಳಿ ತಿಳಿಯಿರಿ. ಈ ಕೆಲಸವನ್ನು ಮನೆಯ ಯಜಮಾನರು ವಹಿಸಿಕೊಳ್ಳಲಿ.

2. ಹುಟ್ಟಿದ ಕೂಡಲೇ ಶಿಶುವನ್ನು ಒರೆಸಿ ಒಣಗಿಸಿ ತಾಯಿಯ ಎದೆಯ ಮೇಲೆ ಮಲಗಿಸತಕ್ಕದ್ದು. ಮೊದಲ 24 ಗಂಟೆಗಳ ಕಾಲ ಸ್ನಾನ ಕೂಡದು. ತೂಕ ಕಡಿಮೆಯಿದ್ದರೆ ವೈದ್ಯರು ಹೇಳುವವರೆಗೂ ಬೆಚ್ಚಗಿನ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು. ಅನಂತರವೂ ಚಳಿಯ ದಿನಗಳಲ್ಲಿ ಸ್ನಾನವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿರಿ.

3. ತಲೆಗೆ ಕುಲಾವಿ, ಕಾಲಿಗೆ ಚೀಲ, ಮೈಗೆ ಎರಡು ಮೂರು ಪದರಗಳ ಹತ್ತಿಬಟ್ಟೆ ಇರಲಿ. ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಾಯಿಸಿರಿ. ಮುಖವನ್ನು ಮುಚ್ಚಬಾರದು, ಭಾರವಾದ ಕೌದಿಯನ್ನು ಕೂಸಿನ ಮೇಲೆ ಹೇರಬಾರದು.

4. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಎದೆಹಾಲು ಉಣಿಸಿರಿ. ಜೇನುತುಪ್ಪ, ಸಕ್ಕರೆ ನೀರು, ಬಜೆ ಮೊದಲಾದವನ್ನು ನೆಕ್ಕಿಸಬೇಡಿರಿ.

5. ದಿನಕ್ಕೆ ಹಲವು ಸಲ, ವಿಶೇಷವಾಗಿ ಬೆಳಗಿನ ಜಾವದಲ್ಲಿ, ಅಂಗಾಲನ್ನೂ ಹೊಟ್ಟೆಯನ್ನೂ ಮುಟ್ಟಿ ನೋಡಿರಿ. ಎರಡೂ ಬೆಚ್ಚಗಿದ್ದರೆ ಕ್ಷೇಮ. ಅಂಗಾಲು ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ಶಿಶುವಿಗೆ ಚಳಿಯಾಗಿದೆ; ಕೂಡಲೇ ಎದೆಗೆ ಅಪ್ಪಿ ಬೆಚ್ಚಗೆ ಮಾಡಿರಿ. ಎರಡೂ ತಣ್ಣಗಿದ್ದರೆ ಅಪಾಯ. ಎದೆಗೆ ಅಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿರಿ.

ಎದೆಯ ಬಿಸಿಯೇ ಮದ್ದು

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾ ಪರ್ವತಗಳ ಮಧ್ಯದಲ್ಲಿರುವ ತಂಪಾದ ನಗರ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದಾದಾಗ, 1978ರಲ್ಲಿ ಡಾ. ಎಡ್ಗರ್ ರೇ ಎಂಬ ವೈದ್ಯರು ಕಡಿಮೆ ತೂಕದ ಶಿಶುಗಳನ್ನು ತಾಯಂದಿರ ಎದೆಗೆ ಕಟ್ಟಿ ಬೆಳೆಸುವ ಕ್ರಮವನ್ನು ಆರಂಭಿಸಿದರು. ಇದೇ ‘ಕಾಂಗರೂ ಮಾತೃ ಆರೈಕೆ’. ಇದನ್ನು ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡುತ್ತದೆ. ಕುಲಾವಿ, ಕಾಲುಚೀಲ ಮತ್ತು ಕೆಳಬಟ್ಟೆ ಮಾತ್ರ ತೊಡಿಸಿದ ಶಿಶುವನ್ನು ಎದೆಯ ಮಧ್ಯದಲ್ಲಿ ನೆಟ್ಟಗೆ ಇರಿಸಿ, ಮೂಗಿಗೆ ತಡೆಯಾಗದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬಟ್ಟೆಯಿಂದ ಬಿಗಿದು ಮೇಲೆ ಹೊದಿಸಬೇಕು. ದಿನಕ್ಕೆ ಎಷ್ಟು ಹೆಚ್ಚು ಹೊತ್ತು ಇರಿಸಿದರೆ ಅಷ್ಟು ಒಳ್ಳೆಯದು. ತಂದೆಯಾಗಲಿ ಅಜ್ಜಿಯಾಗಲಿ ಇದನ್ನು ಮಾಡಬಹುದು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಹೊಗೆಯಿಂದ ದೂರವಿಡಿರಿ

ಬಾಣಂತಿಯ ಕೋಣೆಯ ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿ ನಮ್ಮಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವೊಂದು ಹೊರಡುತ್ತದೆ. ಮಲಗಿದವರು ಮಲಗಿದಲ್ಲಿಯೇ ಪ್ರಾಣ ಬಿಡಬಹುದು. ಸ್ನಾನದ ನಂತರ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದೂ ಸರಿಯಲ್ಲ. ಅದು ಎಳೆಯ ಶ್ವಾಸಕೋಶಗಳಿಗೆ ಕೇಡು. ಅಡಿಕೆ ಸುಲಿಯುವ ಕಾಲದಲ್ಲಿ ಕೂಸನ್ನು ತೆರೆದ ಅಂಗಳದಲ್ಲಿಯಾಗಲಿ, ಅಡಿಕೆ ಬೇಯಿಸುವ ಒಲೆಯ ಬಳಿಯಲ್ಲಿಯಾಗಲಿ ಮಲಗಿಸಬೇಡಿರಿ. ಫೆಬ್ರವರಿ ಮಧ್ಯದಲ್ಲಿ ಸೂರಗೊಂಡನಕೊಪ್ಪದಲ್ಲಿ ನಡೆಯುವ ಸಂತ ಸೇವಾಲಾಲರ ಜಯಂತಿಗೆ ಹೊರಡುವವರು, ಎರಡು ತಿಂಗಳು ತುಂಬದ ಕೂಸಿನೊಡನೆ ಬಯಲಿನಲ್ಲಿ ರಾತ್ರಿ ಕಳೆಯದಿರುವುದು ಲೇಸು.

ಅಪಾಯದ ಚಿಹ್ನೆಗಳು

ಕೂಸು ಮೊಲೆಯುಣ್ಣದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಾಡುವಾಗ ಪಕ್ಕೆ ಒಳಸೇದಿದರೆ ಕಾಯಬೇಡಿರಿ. ಮಲಗಿರುವಾಗ ಒಂದು ನಿಮಿಷ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ನ್ಯುಮೋನಿಯಾ ಇರಬಹುದು. ಒಂದೂವರೆ, ಮೂರೂವರೆ ಹಾಗೂ ಒಂಬತ್ತನೆಯ ತಿಂಗಳಲ್ಲಿ ಉಚಿತವಾಗಿ ನೀಡುವ ನ್ಯುಮೋಕಾಕಲ್ ಲಸಿಕೆಯನ್ನು ತಪ್ಪದೆ ಹಾಕಿಸಿರಿ.

ಮುಂದಾಲೋಚನೆ

ಹವಾಮಾನವನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಕೂಸು ಒಳ್ಳೆಯ ತೂಕದಿಂದ ಹುಟ್ಟುವಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ದಂಪತಿಗಳ ಕೈಯಲ್ಲಿದೆ. ಎಳೆಯ ವಯಸ್ಸಿನ ಬಸಿರು, ಒಂದರ ಹಿಂದೆ ಒಂದು ಬರುವ ಬಸಿರು, ರಕ್ತಹೀನತೆ, ಇವು ಕಡಿಮೆ ತೂಕದ ಶಿಶುವಿಗೆ ಮುಖ್ಯ ಕಾರಣಗಳು. ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿರಲಿ. ಇದಕ್ಕಾಗಿ ಕಾಪರ್-ಟಿ ವಂಕಿ, ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ, ನಿರೋಧ್ ಮೊದಲಾದವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಹೆರಿಗೆಯು ಚಳಿಗಾಲದಲ್ಲಿ ಬರುವುದೆಂದು ಲೆಕ್ಕ ಸಿಕ್ಕಿದರೆ, ಕಾರ್ತಿಕದಲ್ಲಿಯೇ ಕುಲಾವಿ ಬಟ್ಟೆಗಳನ್ನು ಒಗೆದು ಬಿಸಿಲಿಗೆ ಒಣಗಿಸಿಡಿರಿ. ಬಾಣಂತಿಯ ಕೋಣೆಯ ಗಾಳಿಸಂದುಗಳನ್ನು ನೋಡಿ ಸರಿಪಡಿಸಿರಿ.

ಈ ಪಾಠವನ್ನು ದಂಪತಿಗಳಿಬ್ಬರೂ ಕೂಡಿ ಓದಿರಿ. ಮನೆಯ ಹಿರಿಯರಿಗೂ ಓದಿ ಹೇಳಿರಿ. ಅನಂತರ ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿರಿ:

1. ದಿನದಲ್ಲಿ ಚಳಿ ಅತಿ ಹೆಚ್ಚಾಗಿರುವುದು ಯಾವ ಹೊತ್ತಿನಲ್ಲಿ?

2. ಅಂಗಾಲು, ಹೊಟ್ಟೆ ಎರಡೂ ತಣ್ಣಗಿದ್ದರೆ ಏನು ಮಾಡಬೇಕು?

3. ಇಂದು ರಾತ್ರಿಯ ಕನಿಷ್ಠ ಉಷ್ಣಾಂಶ ಎಷ್ಟು?

ಮೂರನೆಯ ಪ್ರಶ್ನೆಯ ಉತ್ತರ ಈ ಪುಸ್ತಿಕೆಯಲ್ಲಿಲ್ಲ. ಅದನ್ನು ಇಂದಿನ ವರದಿಯಿಂದಲೇ ತಿಳಿಯಬೇಕು.